ಬೀಜ-ಕ್ಷೇತ್ರ ರೂಪಕವೂ ‘ಜೋಕುಮಾರಸ್ವಾಮಿ’ ನಾಟಕವೂ

ಸಂತಾನವಿಲ್ಲದ ಮನೆಯ ದೋಷವನ್ನು ಹೆಂಗಸಿನ ಮೇಲೆಯೇ ಹೊರಿಸುವ ರೂಢಿಗೆ ನಮ್ಮ ನುಡಿಯೇ ಸಾಕ್ಷಿ. ‘ಬಂಜೆ’ ಎಂಬುದು ಸ್ತ್ರೀವಾಚಕ. ಗಂಡಸಿಗೆ ಇದಕ್ಕೆ ಸಮನಾದ ರೂಢಿಯ ಶಬ್ದವು ದೊರೆಯದು. ‘ಷಂಡ’ನೆಂದರೆ ಸಂಭೋಗಶಕ್ತಿಯಿಲ್ಲದವನೇ ಹೊರತು, ಆ ಶಕ್ತಿಯಿದ್ದೂ ಮಕ್ಕಳಾಗದವನಲ್ಲ. ಇಂದಿನ ವೈದ್ಯರು ‘ಪುರುಷ ಬಂಜೆತನ’ವೆಂದು ಹೆಣ್ಣಿನ ಶಬ್ದವನ್ನೇ ಎರವು ತಂದು ಕಾರ್ಯ ಸಾಗಿಸುತ್ತಿರುವರು.

1972ರ ಶ್ರೀ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯು ಈ ರೂಢಿಯನ್ನು ನೇರವಾಗಿ ಎದುರಿಸಿತು. ಭಾದ್ರಪದದಲ್ಲಿ ಉತ್ತರ ಕರ್ನಾಟಕದ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಹಾಡುವ ಫಲದೇವತೆಯ ಸುತ್ತ ಹೆಣೆದ ಈ ನಾಟಕದಲ್ಲಿ ಗೌಡ್ತಿಯು ಬಂಜೆಯಲ್ಲ, ಗೌಡನೇ ಷಂಡ. ಗಂಡನಿಗೆಂದು ಅವಳು ಮಾಡಿದ ಪಡವಲಕಾಯಿಯ ಅಡಿಗೆಯನ್ನು ಉಣ್ಣುವವನು ಬಸಣ್ಣ. ಹೊಲವು ಉಳುವವನದೆಂಬ ವಾದವೂ ಬಸಿರಿನ ವೃತ್ತಾಂತವೂ ಒಂದೇ ರೂಪಕದಲ್ಲಿ ಬೆಸೆದಿರುವುದು ಕೃತಿಯ ಬಲ. ಅದರ ಮಿತಿಯೂ ಅಲ್ಲಿಯೇ ಇದೆ. ಅನ್ಯಾಯಗಾರನು ಷಂಡ, ನ್ಯಾಯವಂತನು ಫಲವಂತ ಎಂಬ ಸಮೀಕರಣದಲ್ಲಿ ದೇಹದ ಕೊರತೆಯು ಶೀಲದ ಕೊರತೆಯಾಗಿ ಕಾಣುವುದು.

ಶಾಸ್ತ್ರವು ತಿಳಿಸುವ ಸಂಗತಿಯು ಬೇರೆ. ವೀರ್ಯಾಣುವು ಪಕ್ವವಾಗುತ್ತ ತನ್ನ ಡಿ.ಎನ್.ಎ.ಯನ್ನು ಸರಿಪಡಿಸಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುವುದು. ಧೂಮಪಾನ, ವೃಷಣಗಳಿಗೆ ತಾಗುವ ಅತಿಯಾದ ಶಾಖ, ಅಲ್ಲಿಯ ರಕ್ತನಾಳಗಳ ಊತ, ಏರುವ ವಯಸ್ಸು ಇವುಗಳಿಂದ ಆ ತಂತುಗಳ ತುಂಡಾಗುವಿಕೆ ಹೆಚ್ಚಬಹುದು. ಪುರುಷತ್ವಕ್ಕೆ ಕುಂದಿಲ್ಲದಿದ್ದರೂ, ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಸರಿಯಾಗಿದ್ದರೂ ಈ ದೋಷವಿರಬಹುದು. ಗರ್ಭವು ನಿಂತೂ ಇಳಿದುಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯು ಇದರ ಪರೀಕ್ಷೆಯನ್ನು ವಿಸ್ತೃತ ಪರೀಕ್ಷೆಗಳಲ್ಲಿ ಸೇರಿಸಿದೆ.

ನಾಟಕದ ಹೊಲವನ್ನು ಬಿಟ್ಟು ನಿಜದ ಹೊಲವನ್ನು ನೋಡಿದರೆ ಈ ಮಾತು ಅಪರಿಚಿತವೆನಿಸದು. ಸಿಂಧನೂರಿನ ಕಾಲುವೆಯ ಕೆಳಗೆ ಬತ್ತ ಬೆಳೆಯುವವನಾಗಲಿ, ಲಿಂಗಸುಗೂರು, ಮಸ್ಕಿಗಳಲ್ಲಿ ಮಳೆಯನ್ನು ನಂಬಿ ಬಿತ್ತುವವನಾಗಲಿ, ಗಟ್ಟಿಯಾಗಿ ಕಾಣುವ ಕಾಳೂ ಮೊಳೆಯದಿರಬಹುದೆಂದು ಬಲ್ಲನು. ಹೊಲವನ್ನು ದೂರುವ ಮುನ್ನ ಬೀಜವನ್ನು ಪರೀಕ್ಷಿಸುವ ಈ ವಿವೇಕವು ಮನೆಯ ಹೊಸ್ತಿಲನ್ನು ದಾಟದಿರುವಲ್ಲಿ, ಪದೇ ಪದೇ ಗರ್ಭವಿಳಿದ ಸೊಸೆಯು ಸವತಿಯ ಭಯದಲ್ಲಿ ಬಾಳಬೇಕಾಗುವುದು.

ಆದರೂ ರೂಪಕವನ್ನು ಇಷ್ಟಕ್ಕೇ ಒಪ್ಪುವಂತಿಲ್ಲ. ಹೊಲವು ಕೆಟ್ಟ ಬೀಜವನ್ನು ಸರಿಪಡಿಸಲಾರದು. ಸ್ತ್ರೀಯ ಅಂಡವಾದರೋ ವೀರ್ಯಾಣುವಿನ ಡಿ.ಎನ್.ಎ.ಯ ಕೆಲವು ಮುರಿತಗಳನ್ನು ತಾನೇ ಬೆಸೆಯಬಲ್ಲುದು. ಹೆಣ್ಣನ್ನು ಬರಿಯ ಕ್ಷೇತ್ರವೆಂದೆಣಿಸಿದ ಪುರಾತನ ನ್ಯಾಯವು ಇಲ್ಲಿ ಸೋಲುವುದು. ಕಂಬಾರರ ನಾಟಕವು ಅಪವಾದವನ್ನು ಹೆಣ್ಣಿನಿಂದ ಗಂಡಿಗೆ ವರ್ಗಾಯಿಸಿತು. ಅಪವಾದವನ್ನೇ ನಿವಾರಿಸುವ ಕೃತಿಗೆ ಕನ್ನಡದಲ್ಲಿ ಇನ್ನೂ ಎಡೆಯುಂಟು.