ಪ್ರಯೋಗಶಾಲೆಯ ಇಲಿ ಮತ್ತು ಹಿಂಸೆಯ ವಿವೇಚನೆ

ಅಡ್ರಿನಲ್ ಗ್ರಂಥಿ ಹಾಗೂ ಆಹಾರಗಳು ಇಲಿಯ ದೇಹದಿಂದ ಜೀವಸತ್ವಗಳು ವಿಸರ್ಜನೆಗೊಳ್ಳುವ ಪ್ರಮಾಣವನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಕುರಿತು ಕಳೆದ ಶತಮಾನದಲ್ಲಿ ಸಂಶೋಧನೆಗಳು ನಡೆದವು. ಇಂಥ ಪ್ರಬಂಧಗಳಲ್ಲಿ ಪದೇ ಪದೇ ಬರುವ ಒಂದು ಮಾತಿದೆ: ಕೊನೆಯಲ್ಲಿ ಇಲಿಗಳನ್ನು ‘ಸ್ಯಾಕ್ರಿಫೈಸ್’ ಮಾಡಲಾಯಿತು. ನಮ್ಮ ನುಡಿಯಲ್ಲಿ ಅದು ಬಲಿ. ಬಲಿಯನ್ನು ನಿರಾಕರಿಸಿದ ಪರಂಪರೆಯ ಓದುಗನು ಆ ಪದದ ಬಳಿ ನಿಲ್ಲಲೇಬೇಕಾಗುತ್ತದೆ. ಆದರೆ ಖಂಡಿಸುವ ಮುನ್ನ ವಿಷಯವನ್ನು ಪೂರ್ತಿಯಾಗಿ ತಿಳಿಯುವುದು ನ್ಯಾಯ.

ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಈ ಪುಟ್ಟ ಗ್ರಂಥಿಗಳಲ್ಲಿ ಸಿ ಜೀವಸತ್ವವು ಅತ್ಯಂತ ಸಾಂದ್ರವಾಗಿ ಶೇಖರವಾಗಿರುತ್ತದೆ. 1928ರಲ್ಲಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿಯವರು ಆ ವಸ್ತುವನ್ನು ದನಗಳ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದರು. ಆದುದರಿಂದ ಗ್ರಂಥಿಯನ್ನು ತೆಗೆದರೆ ಮೂತ್ರದಲ್ಲಿ ಅದರ ಪ್ರಮಾಣ ಬದಲಾಗುವುದೆ ಎಂಬ ಪ್ರಶ್ನೆ ಸಹಜವಾದುದೇ.

ಉತ್ತರ ಪಡೆಯುವ ಬಗೆ ಮಾತ್ರ ಕಠಿಣವಾದುದು. ಗ್ರಂಥಿ ಕಳೆದುಕೊಂಡ ಇಲಿಯ ಮೂತ್ರದಲ್ಲಿ ಉಪ್ಪಿನಂಶ ಹರಿದುಹೋಗುತ್ತದೆ, ಹಸಿವು ಕುಗ್ಗುತ್ತದೆ. ಕಡಮೆ ತಿಂದುದರ ಪರಿಣಾಮವನ್ನು ಬೇರ್ಪಡಿಸಿ ತಿಳಿಯಲು ಇನ್ನೊಂದು ಗುಂಪಿನ ಇಲಿಗಳನ್ನು ಅಷ್ಟೇ ಅಳತೆಯ ಆಹಾರದ ಮೇಲೆ ಅರೆಹೊಟ್ಟೆಯಲ್ಲಿಡಬೇಕು. ಶಸ್ತ್ರಕ್ರಿಯೆಯ ಆಘಾತವನ್ನು ಬೇರ್ಪಡಿಸಲು ಮತ್ತೊಂದು ಗುಂಪನ್ನು ಕೊಯ್ದು, ಏನನ್ನೂ ತೆಗೆಯದೆ ಹೊಲಿಯಬೇಕು. ಪ್ರಯೋಗ ನಿಷ್ಕೃಷ್ಟವಾದಷ್ಟೂ ನೋಯುವ ಜೀವಿಗಳು ಹೆಚ್ಚು. 1936ರಲ್ಲಿ ಅಮೆರಿಕದ ಕರ್ಟ್ ರಿಕ್ಟರ್ ಅವರು ತೋರಿಸಿದ ಸಂಗತಿ ಇಲ್ಲಿ ಸ್ಮರಣೀಯ: ಗ್ರಂಥಿ ಕಳೆದುಕೊಂಡ ಇಲಿಗಳ ಮುಂದೆ ಉಪ್ಪುನೀರನ್ನಿಟ್ಟರೆ ಅವು ತಾವಾಗಿಯೇ ಅದನ್ನು ಹೆಚ್ಚಾಗಿ ಕುಡಿದು ಜೀವ ಉಳಿಸಿಕೊಳ್ಳುತ್ತವೆ. ಬದುಕುವ ಇಚ್ಛೆಗೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕೆ?

ಇನ್ನು ಫಲದ ಮಾತು. ಇಲಿಯು ತನಗೆ ಬೇಕಾದ ಸಿ ಜೀವಸತ್ವವನ್ನು ಯಕೃತ್ತಿನಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಮನುಷ್ಯನಿಗೆ ಆ ಶಕ್ತಿಯಿಲ್ಲ. ಮನುಷ್ಯನಿಗೆ ಅದು ಎಷ್ಟು ಬೇಕೆಂಬುದನ್ನು ಇಲಿಯ ಮೂತ್ರ ಹೇಳಲಾರದು. ಆ ಪ್ರಶ್ನೆಗೆ ಉತ್ತರ ದೊರೆತದ್ದು ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ. 1944ರಿಂದ 1946ರವರೆಗೆ ಅಲ್ಲಿ 20 ಮಂದಿ ಸ್ವಇಚ್ಛೆಯಿಂದ ತಮ್ಮ ದೇಹವನ್ನೇ ಪ್ರಯೋಗಕ್ಕೆ ಒಡ್ಡಿದರು. ಅವರಲ್ಲಿ ಹೆಚ್ಚಿನವರು ಮನಸ್ಸಾಕ್ಷಿಯ ಕಾರಣದಿಂದ ಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದವರು. ಸಿ ಜೀವಸತ್ವವಿಲ್ಲದ ಆಹಾರವನ್ನು ಉಂಡ 10 ಮಂದಿಯಲ್ಲಿ ಸ್ಕರ್ವಿಯ ಲಕ್ಷಣಗಳು ಕಾಣಿಸಿಕೊಂಡವು. ದಿನಕ್ಕೆ 10 ಮಿಲಿಗ್ರಾಂ ಕೊಟ್ಟಾಗ ಗುಣವಾಯಿತು. ಕೊಲ್ಲಲಾರೆವೆಂದವರು ನೋವನ್ನು ತಮ್ಮ ಮೇಲೆಯೇ ತಂದುಕೊಂಡರು.

ಎಲ್ಲ ಪ್ರಶ್ನೆಗಳಿಗೂ ಹೀಗೆ ಉತ್ತರ ದೊರೆಯದು. ಗ್ರಂಥಿ ತೆಗೆಸಿಕೊಳ್ಳಲು ಯಾರೂ ಮುಂದೆ ಬರರು. ಅಡ್ರಿನಲ್ ರೋಗಿಗಳನ್ನು ಇಂದು ಬದುಕಿಸುತ್ತಿರುವ ಹಾರ್ಮೋನು ಚಿಕಿತ್ಸೆಯ ಹಿಂದೆ ಮೂಕಪ್ರಾಣಿಗಳ ಸಾವಿದೆ. ಅದನ್ನು ಮರೆತು ಉಪದೇಶಿಸುವುದು ಕೃತಘ್ನತೆಯಾದೀತು.

ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 17ನೆಯ ಕಲಮು, ಸಾಧ್ಯವಿದ್ದೆಡೆಯಲ್ಲೆಲ್ಲ ಪ್ರಯೋಗವನ್ನು ತಪ್ಪಿಸಬೇಕೆನ್ನುತ್ತದೆ. ಅದೇ ಕಲಮು ದೊಡ್ಡ ಪ್ರಾಣಿಗಳ ಬದಲು ಇಲಿ, ಮೊಲ, ಕಪ್ಪೆಗಳು ಸಾಕಾದರೆ ಅವನ್ನೇ ಬಳಸಬೇಕೆಂದೂ ಹೇಳುತ್ತದೆ. ನಮ್ಮ ಗಣನೆಯಲ್ಲಿ ಆನೆಯೂ ಪಂಚೇಂದ್ರಿಯ ಜೀವಿ, ಇಲಿಯೂ ಪಂಚೇಂದ್ರಿಯ ಜೀವಿ. ಗಾತ್ರ ಕಿರಿದಾದ ಮಾತ್ರಕ್ಕೆ ನೋವು ಕಿರಿದಾಗದು.

ಹಿಂಸೆಯಲ್ಲಿ ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂಬ ನಾಲ್ಕು ಬಗೆಗಳನ್ನು ಹೇಳಿ, ಸಂಕಲ್ಪಿಯನ್ನು ಶ್ರಾವಕನು ಬಿಡಲೇಬೇಕೆಂದು ನಮ್ಮ ಹಿರಿಯರು ವಿಧಿಸಿದ್ದಾರೆ. ರೋಗಿಯ ಪ್ರಾಣ ಉಳಿಸಲು ಅನ್ಯಮಾರ್ಗವಿಲ್ಲದಾಗ ನಡೆದ ಪ್ರಯೋಗವನ್ನು ಉದ್ಯೋಗಿ ಎಂದು ವಾದಿಸಬಹುದು. ತಿಳಿದ ಉತ್ತರವನ್ನೇ ಪದವಿಗಾಗಿ, ಪ್ರಕಟಣೆಗಾಗಿ ಮತ್ತೆ ಇಲಿಯ ದೇಹದಲ್ಲಿ ಹುಡುಕಿದರೆ ಅದು ಸಂಕಲ್ಪಿಯೇ ಸರಿ. ನಮ್ಮ ಮಕ್ಕಳೂ ಇಂದು ಪ್ರಯೋಗಶಾಲೆಗಳಲ್ಲಿದ್ದಾರೆ. ವಿಜ್ಞಾನವನ್ನು ಬಿಡಿರೆಂದು ಅವರಿಗೆ ಹೇಳಬೇಕಾಗಿಲ್ಲ. ಪಂಜರದ ಬಾಗಿಲು ತೆರೆಯುವ ಮುನ್ನ ಗ್ರಂಥಾಲಯದ ಬಾಗಿಲು ತಟ್ಟಿರೆಂದು ಹೇಳಿದರೆ ಸಾಕು.