ಅರ್ಧವೇ ತೆರೆಯುವ ಕಿಡಕಿ

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ದಪ್ಪ ಮಣ್ಣಿನ ಗೋಡೆಗಳನ್ನು ಬಿಟ್ಟುಕೊಟ್ಟವರು ನವನಗರದಲ್ಲಿ ಮನೆ ಕಟ್ಟಿಕೊಂಡರು. ಅಲ್ಲೀಗ ಎಲ್ಲಿ ನೋಡಿದರೂ ಅದೇ ಸ್ಲೈಡಿಂಗ್ ಕಿಡಕಿ: ಅಲ್ಯುಮಿನಿಯಂ ಚೌಕಟ್ಟು, ಎರಡು ಗಾಜಿನ ಕದ, ಕೆಳಗೆ ಇಳಕಲ್ ಗ್ರಾನೈಟಿನ ಪಟ್ಟಿ. ಸಾಗವಾನಿ ದುಬಾರಿ, ಕಬ್ಬಿಣಕ್ಕೆ ತುಕ್ಕು. ಜನ ಅಲ್ಯುಮಿನಿಯಂ ಆರಿಸಿದ್ದು ಸರಿಯೇ. ತಪ್ಪಿದ್ದು ನಮೂನೆಯಲ್ಲಿ.

ಆ ಚೌಕಟ್ಟು ಹುಟ್ಟುವ ಬಗೆ ನಿಜಕ್ಕೂ ಮೆಚ್ಚುವಂಥದ್ದು. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆ ಬಾಕ್ಸೈಟ್‌ನಿಂದ ಅಲ್ಯುಮಿನಾ ತೆಗೆಯುತ್ತದೆ. ಅಲ್ಯುಮಿನಾದಿಂದ ಪಡೆದ ಲೋಹವನ್ನು ಸೆಕ್ಷನ್ನಾಗಿ, ಅಂದರೆ ಬೇಕಾದ ಆಕಾರದ ಉದ್ದನೆಯ ತುಂಡಾಗಿ, ಒತ್ತುವುದರಲ್ಲಿ ಬೆಂಗಳೂರಿನ ಜಿಂದಾಲ್ ಅಲ್ಯುಮಿನಿಯಂ ದೊಡ್ಡ ಹೆಸರು. ಕಿಡಕಿಗೆ ಸಾಮಾನ್ಯವಾಗಿ ಬಳಸುವುದು ಮೆಗ್ನೀಸಿಯಂ, ಸಿಲಿಕಾನ್ ಬೆರೆತ 6063 ಮಿಶ್ರಲೋಹ. ಅದರ ದಿಮ್ಮಿಯನ್ನು 450ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ, ಕರಗುವುದಿಲ್ಲ, ಮೆತ್ತಗಾಗುತ್ತದೆ. ಭಾರೀ ಪ್ರೆಸ್ಸು ಅದನ್ನು ಉಕ್ಕಿನ ಡೈ ಮೂಲಕ ಹೊರದೂಡುತ್ತದೆ. ಚಕ್ಕಲಿ ಒತ್ತಿದ ಹಾಗೆ ಅನ್ನಬಹುದು, ಆದರೆ ಚಕ್ಕಲಿಯ ಅಚ್ಚಿನಿಂದ ಪೊಳ್ಳು ಕೊಳವೆ ಬರುವುದಿಲ್ಲ. ಇಲ್ಲಿ ಡೈಯ ನಡುವಿನ ತಿರುಳನ್ನು ಕೆಲವು ಉಕ್ಕಿನ ಕಾಲುಗಳು ಹಿಡಿದಿರುತ್ತವೆ. ಲೋಹ ಅವುಗಳ ಸುತ್ತ ಸೀಳಿ ಹರಿದು, ಮುಂದೆ ಒತ್ತಡದ ಬಲದಲ್ಲೇ ಮತ್ತೆ ಬೆಸೆದುಕೊಂಡು, ಒಳಗೆ ಟೊಳ್ಳಿರುವ ಸೆಕ್ಷನ್ನಾಗಿ ಹೊರಬರುತ್ತದೆ. ಅದನ್ನು ತಣಿಸಿ, ಎರಡೂ ತುದಿ ಹಿಡಿದೆಳೆದು ನೆಟ್ಟಗೆ ಮಾಡಿ, ಸುಮಾರು 180 ಡಿಗ್ರಿಯ ಕುಲುಮೆಯಲ್ಲಿ ಕೆಲವು ತಾಸು ಇಟ್ಟರೆ ಗಟ್ಟಿಯಾಗುತ್ತದೆ. ಸೋಲಾರ್ ಫಲಕದ ಚೌಕಟ್ಟು, ಏಣಿ, ಎಲ್‌ಇಡಿ ದೀಪದ ಬೆನ್ನಿಗಿರುವ ರೆಕ್ಕೆಗಳು, ಎಲ್ಲಕ್ಕೂ ಇದೇ ದಾರಿ.

ಬೇಕಾದ ಆಕಾರ ಕೊಡಬಲ್ಲ ಇಂಥ ವಿದ್ಯೆಯಿಂದ ನಾವು ಪಡೆದದ್ದು ಮಾತ್ರ ಅರ್ಧವೇ ತೆರೆಯುವ ಕಿಡಕಿ. ಎರಡು ಹಳಿ, ಎರಡು ಕದ. ಒಂದನ್ನು ಸರಿಸಿದರೆ ಇನ್ನೊಂದರ ಹಿಂದೆ ನಿಲ್ಲುತ್ತದೆ. ನಾಲ್ಕು ಅಡಿಗೆ ದುಡ್ಡು ಕೊಟ್ಟು ಎರಡು ಅಡಿ ಗಾಳಿ ಪಡೆಯುತ್ತೇವೆ, ಅದೂ 40 ಡಿಗ್ರಿ ದಾಟುವ ಬ್ಯಾಸಗಿಯಲ್ಲಿ. ಅಲ್ಯುಮಿನಿಯಂ ಕಟ್ಟಿಗೆಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಶಾಖ ಸಾಗಿಸುತ್ತದೆ. ಪಡುವಣ ಗೋಡೆಯ ಚೌಕಟ್ಟನ್ನು ಸಂಜೆ ನಾಲ್ಕಕ್ಕೆ ಮುಟ್ಟಿದರೆ ಗೊತ್ತಾಗುತ್ತದೆ. ಒಳ ಹೊರ ಲೋಹಗಳ ನಡುವೆ ಪಾಲಿಅಮೈಡ್ ಪಟ್ಟಿ ಕೂರಿಸಿ ಶಾಖ ತಡೆಯುವ ಸೆಕ್ಷನ್ನುಗಳೂ ಇವೆ, ಬೆಲೆ ಜಾಸ್ತಿ. ಕೆಳಗಿನ ಹಳಿಯಲ್ಲಿ ಧೂಳು ತುಂಬಿ, ನೀರು ಹೋಗುವ ತೂತು ಗಿಲಾವಿನ ಸಿಮೆಂಟಿಗೆ ಮುಚ್ಚಿಹೋಗಿದ್ದರೆ, ಮೊದಲ ಮಳೆ ನೇರ ಒಳಮನೆಗೇ.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಚಾಲುಕ್ಯರ ಕಾಲದ ಲಾಡಖಾನ ಗುಡಿಯ ಕಲ್ಲಿನ ಜಾಲಂಧ್ರಗಳನ್ನು ನೋಡಿ. ಬಿಸಿಲು ಮುರಿದು ಬರುತ್ತದೆ, ಗಾಳಿಗೆ ತಡೆಯಿಲ್ಲ. ಬಾದಾಮಿಯ ಮರಳುಗಲ್ಲಿನ ನಾಡಿಗೆ ಈ ಲೆಕ್ಕ ಹೊಸದಲ್ಲ. ಅಲ್ಯುಮಿನಿಯಂ ಒತ್ತುವ ಅದೇ ಪ್ರೆಸ್ಸು ಪೂರ್ತಿ ತೆರೆಯುವ ಕದದ ಸೆಕ್ಷನ್ನನ್ನೂ, ಓರೆಯಾಗಿ ಕೂರಿಸುವ ಪಟ್ಟಿಗಳನ್ನೂ ಕೊಡುತ್ತದೆ. ಬಿಜಾಗರಿ, ಹಿಡಿಕೆಗೆ ಖರ್ಚು ತುಸು ಹೆಚ್ಚು, ಸೊಳ್ಳೆ ಜಾಳಿಗೆ ಒಳಬದಿಗೆ ಹಾಕಬೇಕು. ಬಾಗಲಕೋಟೆಯ ಬಿಸಿಲಿಗೆ ಅದು ದುಬಾರಿಯಲ್ಲ. ಅಂಗಡಿಯವರು ಚದರಡಿ ದರ ಹೇಳಿದಾಗ ಅಲ್ಲಿಗೇ ಒಪ್ಪಬೇಡಿ. ಸೆಕ್ಷನ್ನಿನ ಗೋಡೆ ಎಷ್ಟು ಮಿಲಿಮೀಟರ್, ಒಂದು ಮೀಟರಿಗೆ ಎಷ್ಟು ತೂಕ, ಕಿಡಕಿಯಲ್ಲಿ ಎಷ್ಟು ಭಾಗ ತೆರೆಯುತ್ತದೆ ಎಂಬ ಮೂರನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.