ಡಂಗುರವೂ ಪರದೆಯೂ: ಕಾರ್ನಾಡರ ಎರಡು ನಾಟಕಗಳಲ್ಲಿ ಮಾತಿನ ಸ್ವಾತಂತ್ರ್ಯ

‘ಅಭಿವ್ಯಕ್ತಿ ಸ್ವಾತಂತ್ರ್ಯ ಮತ್ತು ಸಮಾಜದ ಮೇಲೆ ಮಾಧ್ಯಮಗಳ ಪ್ರಭಾವ’ ಎಂಬ ವಿಷಯವಾಗಿ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ನಗು ಬಂದಿತು. ಹತ್ತನೆಯ ತರಗತಿಯ ಮಕ್ಕಳಿಗೆ ಪ್ರಬಂಧ ಸ್ಪರ್ಧೆಗೆಂದು ನಾನೇ ಎಷ್ಟೋ ಸಲ ಕೊಟ್ಟ ವಿಷಯವಿದು. ಬರುತ್ತಿದ್ದ ಉತ್ತರಗಳೂ ನೆನಪಿನಲ್ಲಿವೆ. ಮಾಧ್ಯಮವು ಎರಡಂಚಿನ ಕತ್ತಿ, ಪತ್ರಿಕೆಯು ಪ್ರಜಾಪ್ರಭುತ್ವದ ನಾಲ್ಕನೆಯ ಸ್ತಂಭ, ಸ್ವಾತಂತ್ರ್ಯವು ಸ್ವೇಚ್ಛೆಯಾಗಬಾರದು. ಈ ಮೂರು ವಾಕ್ಯಗಳಿದ್ದರೆ ಹತ್ತಕ್ಕೆ ಆರು ಅಂಕಗಳು ಖಚಿತ. ಅಂಕ ಕೊಟ್ಟವನು ನಾನೇ ಆದ್ದರಿಂದ ಈಗ ಅದೇ ಪ್ರಬಂಧವನ್ನು ಬರೆದು ಒಪ್ಪಿಸುವುದು ಉಚಿತವೆನಿಸಲಿಲ್ಲ. ಅದಕ್ಕೆ ಬದಲಾಗಿ ಗಿರೀಶ ಕಾರ್ನಾಡರ ಎರಡು ನಾಟಕಗಳನ್ನು ಮುಂದಿಟ್ಟುಕೊಂಡು ನಾಲ್ಕು ಮಾತು ಬರೆಯುತ್ತೇನೆ. ಒಂದು 1964ರ ‘ತುಘಲಕ್’, ಇನ್ನೊಂದು 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ರಂಗಕ್ಕೆ ಬಂದ ‘ಒಡಕಲು ಬಿಂಬ’. ಕಾರ್ನಾಡರು ಹುಟ್ಟಿದ್ದು ಮಾಥೇರಾನಿನಲ್ಲಿ, ಅಂದರೆ ನಮ್ಮ ಮಹಾರಾಷ್ಟ್ರದಲ್ಲಿ. ಮನೆಮಾತು ಕೊಂಕಣಿ, ಬರೆದ ನಾಟಕಗಳು ಕನ್ನಡದವು. ಗಡಿಯಲ್ಲಿ ಬಾಳುವ ನಮಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ.

‘ತುಘಲಕ್’ ನಾಟಕವನ್ನು ಆದರ್ಶವಾದಿಯೊಬ್ಬನ ಪತನದ ಕಥೆಯೆಂದು ಕಾಲೇಜುಗಳಲ್ಲಿ ಪಾಠ ಹೇಳುವುದು ರೂಢಿ. ನೆಹರೂ ಯುಗದ ಭ್ರಮನಿರಸನವನ್ನು ಅದರಲ್ಲಿ ಕಾಣುವವರೂ ಇದ್ದಾರೆ. ತಪ್ಪೇನಲ್ಲ. ಆದರೆ ನಾಟಕವನ್ನು ಮತ್ತೊಮ್ಮೆ ಓದಿ ನೋಡಿದರೆ, ಅದರಲ್ಲಿ ಸುಲ್ತಾನನಷ್ಟೇ ಮುಖ್ಯವಾದ ಪಾತ್ರ ಡಂಗುರದ್ದು ಎಂದು ನನಗನ್ನಿಸುತ್ತದೆ. ಆರಂಭವೇ ನ್ಯಾಯಾಲಯದ ಹೊರಗೆ ನೆರೆದ ಜನರಿಂದ. ವಿಷ್ಣುಪ್ರಸಾದನೆಂಬ ಬ್ರಾಹ್ಮಣನು ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆದ್ದನೆಂದು ಸಾರಲಾಗುತ್ತದೆ. ಜನರು ಬೆರಗಾಗುತ್ತಾರೆ. ಆದರೆ ಆ ಬ್ರಾಹ್ಮಣನು ಬ್ರಾಹ್ಮಣನೇ ಅಲ್ಲ, ಅಝೀಝನೆಂಬ ಅಗಸ. ಸುಲ್ತಾನನ ನ್ಯಾಯನಿಷ್ಠೆ ನಿಜ, ಡಂಗುರದ ಮಾತುಗಳೂ ಅಕ್ಷರಶಃ ನಿಜ, ಆದರೂ ಜನರ ಕಿವಿಗೆ ಬಿದ್ದುದು ಸುಳ್ಳು. ದೂರದರ್ಶನವಾಗಲಿ ಮೊಬೈಲಾಗಲಿ ಇಲ್ಲದ ಕಾಲದ ಕಥೆಯಲ್ಲಿ ಕಾರ್ನಾಡರು ಇದನ್ನು ಇಷ್ಟು ಸರಳವಾಗಿ ತೋರಿಸಿಬಿಟ್ಟಿದ್ದಾರೆ.

ನನ್ನನ್ನು ಹೆಚ್ಚು ಕಾಡಿದ್ದು ಶೇಖ್ ಇಮಾಮುದ್ದೀನನ ಪ್ರಸಂಗ. ಇಮಾಮುದ್ದೀನನು ಸುಲ್ತಾನನ ಉಗ್ರ ಟೀಕಾಕಾರ. ಅವನ ನಾಲಗೆಯನ್ನು ಸುಲ್ತಾನನು ಕತ್ತರಿಸುವುದಿಲ್ಲ, ಸೆರೆಮನೆಗೂ ತಳ್ಳುವುದಿಲ್ಲ. ದೊಡ್ಡ ಮಸೀದಿಯ ಅಂಗಳದಲ್ಲಿ ತನ್ನ ಸಮ್ಮುಖದಲ್ಲಿಯೇ ತನ್ನನ್ನು ಟೀಕಿಸೆಂದು ಆಹ್ವಾನಿಸುತ್ತಾನೆ. ದಿಲ್ಲಿಯ ಪ್ರಜೆಗಳೆಲ್ಲ ಬಂದು ಕೇಳಬೇಕೆಂದು ಡಂಗುರ ಹೊಡೆಸುತ್ತಾನೆ. ಇದಕ್ಕಿಂತ ದೊಡ್ಡ ಅಭಿವ್ಯಕ್ತಿ ಸ್ವಾತಂತ್ರ್ಯ ಯಾವ ದೊರೆ ಕೊಟ್ಟಾನು? ಆದರೆ ಆ ಸಂಜೆ ಅಂಗಳಕ್ಕೆ ಒಬ್ಬ ಪ್ರಜೆಯೂ ಬರುವುದಿಲ್ಲ. ಸೈನಿಕರು ಮನೆಮನೆಗೆ ಹೋಗಿ ಯಾರೂ ಹೊರಡದಂತೆ ತಡೆದಿದ್ದರೆಂಬುದು ಮುಂದೆ ತಿಳಿಯುತ್ತದೆ. ಮಾತನಾಡಲು ವೇದಿಕೆಯಿದೆ, ಕೇಳಲು ಜನರಿಲ್ಲ. ಬರಿದಾದ ಅಂಗಳದಲ್ಲಿ ನಿಂತ ಆ ವೃದ್ಧನನ್ನು ಸುಲ್ತಾನನು ಮಾತಿನಲ್ಲಿಯೇ ಮರುಳುಮಾಡಿ, ಶಾಂತಿದೂತನನ್ನಾಗಿ ತನ್ನದೇ ಉಡುಪಿನಲ್ಲಿ ರಣರಂಗಕ್ಕೆ ಕಳಿಸುತ್ತಾನೆ. ನೋಡಲು ಸುಲ್ತಾನನಂತೆಯೇ ಇದ್ದ ಶೇಖನು ಅಲ್ಲಿಯೇ ಮಡಿಯುತ್ತಾನೆ. ಟೀಕಾಕಾರನಿಗೆ ದೊರೆಯ ಅಂಗಿಯನ್ನೇ ತೊಡಿಸಿ ಮುಗಿಸುವ ಈ ಉಪಾಯ ನಾಟಕದ ಅತ್ಯಂತ ಕ್ರೂರವಾದ ಕಲ್ಪನೆ.

ನಮ್ಮ ಸಂವಿಧಾನದ 19ನೆಯ ವಿಧಿಯು ವಾಕ್ ಸ್ವಾತಂತ್ರ್ಯವನ್ನು ಕೊಟ್ಟಿದೆ. ಅಲ್ಲಿ ‘ಪತ್ರಿಕೆ’ ಎಂಬ ಶಬ್ದವೇ ಇಲ್ಲ. 1950ರಲ್ಲಿ ಮುಂಬಯಿಯಲ್ಲಿ ಮುದ್ರಣವಾಗುತ್ತಿದ್ದ ‘ಕ್ರಾಸ್ ರೋಡ್ಸ್’ ಎಂಬ ವಾರಪತ್ರಿಕೆಯು ತನ್ನ ಸೀಮೆಯೊಳಗೆ ಬರಕೂಡದೆಂದು ಮದರಾಸು ಸರ್ಕಾರ ಆಜ್ಞೆ ಹೊರಡಿಸಿತು. ಮುದ್ರಿಸಬೇಡವೆಂದು ಅದು ಹೇಳಿರಲಿಲ್ಲ. ನಮ್ಮ ಗಡಿ ದಾಟಬೇಡ ಎಂದಷ್ಟೇ. ಸಂಪಾದಕ ರಮೇಶ ಥಾಪರರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. ಓದುಗರಿಗೆ ತಲುಪುವ ಸ್ವಾತಂತ್ರ್ಯವೂ ಮಾತಿನ ಸ್ವಾತಂತ್ರ್ಯದ ಅಂಗವೇ ಎಂದು ನ್ಯಾಯಾಲಯ ಆ ಆಜ್ಞೆಯನ್ನು ರದ್ದುಗೊಳಿಸಿತು. ಮರುವರ್ಷವೇ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ ನಿರ್ಬಂಧಗಳ ಪಟ್ಟಿ ಹಿಗ್ಗಿತೆಂಬುದೂ ನಿಜ. ಕಾರ್ನಾಡರು ಈ ಮೊಕದ್ದಮೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನಾನು ಹೇಳುವುದಿಲ್ಲ. ಆದರೆ ಆ ತೀರ್ಪಿನ ತಿರುಳನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕಾದಾಗಲೆಲ್ಲ ಕಾನೂನಿನ ಪುಸ್ತಕಕ್ಕಿಂತ ಇಮಾಮುದ್ದೀನನ ಬರಿದಾದ ಅಂಗಳವೇ ನನಗೆ ಉಪಯೋಗಕ್ಕೆ ಬಂದಿತು. (ದೌಲತಾಬಾದಿನ ಕೋಟೆಗೆ ಶಾಲಾ ಪ್ರವಾಸ ಹೋದಾಗಲೂ ಮಕ್ಕಳಿಗೆ ಈ ಕಥೆಯನ್ನೇ ಹೇಳುತ್ತಿದ್ದೆ. ಅವರ ಗಮನವೆಲ್ಲ ಫಿರಂಗಿಯ ಮೇಲಿರುತ್ತಿತ್ತೆಂಬುದು ಬೇರೆ ಮಾತು.)

ನಲವತ್ತು ವರ್ಷಗಳ ನಂತರದ ‘ಒಡಕಲು ಬಿಂಬ’ದಲ್ಲಿ ಡಂಗುರದ ಸ್ಥಾನಕ್ಕೆ ದೂರದರ್ಶನದ ಪರದೆ ಬಂದಿದೆ. ರಂಗದ ಮೇಲೆ ಒಬ್ಬಳೇ ನಟಿ. ಕನ್ನಡದಲ್ಲಿ ಅರುಂಧತಿ ನಾಗ್ ಅವರು ಈ ಪಾತ್ರವನ್ನು ವಹಿಸಿದರು. ಮಂಜುಳಾ ನಾಯಕ್ ಇಂಗ್ಲಿಷ್ ಅಧ್ಯಾಪಕಿ, ಕನ್ನಡದಲ್ಲಿ ಸಣ್ಣಕಥೆಗಳನ್ನು ಬರೆದವಳು. ಹಠಾತ್ತನೆ ಅವಳ ಇಂಗ್ಲಿಷ್ ಕಾದಂಬರಿಯೊಂದು ಜಗತ್ಪ್ರಸಿದ್ಧವಾಗಿದೆ. ಅದನ್ನು ಆಧರಿಸಿದ ಚಿತ್ರದ ಪ್ರಸಾರಕ್ಕೆ ಮುಂಚೆ ಅವಳು ಸ್ಟುಡಿಯೋದಲ್ಲಿ ಕುಳಿತು ವೀಕ್ಷಕರನ್ನುದ್ದೇಶಿಸಿ ಮಾತನಾಡುತ್ತಾಳೆ. ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿ ಏಕೆ ಬರೆದಿರಿ ಎಂಬ ಆಕ್ಷೇಪಕ್ಕೆ ಉತ್ತರ ಕೊಡುತ್ತಾಳೆ. ತೀರಿಕೊಂಡ ಅಂಗವಿಕಲ ತಂಗಿ ಮಾಲಿನಿಯನ್ನು ನೆನೆದು ಗದ್ಗದಿತಳಾಗುತ್ತಾಳೆ. ಭಾಷಣ ಮುಗಿಸಿ ಹೊರಡಬೇಕೆನ್ನುವಾಗ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ಪ್ರಶ್ನಿಸತೊಡಗುತ್ತದೆ. ಒಂದೊಂದೇ ಪ್ರಶ್ನೆಯಿಂದ ಗಂಡನ ಸಂಗತಿ, ತಂಗಿಯ ಮೇಲಿನ ಅಸೂಯೆ, ಕಡೆಗೆ ಕಾದಂಬರಿಯನ್ನು ಬರೆದವಳು ಮಾಲಿನಿಯೇ ಎಂಬ ಸತ್ಯ ಹೊರಬೀಳುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮಂಜುಳೆಯ ಬಾಯನ್ನು ಯಾರೂ ಕಟ್ಟಿಲ್ಲ. ಇಮಾಮುದ್ದೀನನಿಗೆ ಇಲ್ಲದೆ ಹೋದ ಶ್ರೋತೃಗಳು ಇವಳಿಗೆ ಲಕ್ಷಾಂತರ ಇದ್ದಾರೆ. ಸ್ವಾತಂತ್ರ್ಯವೂ ಉಂಟು, ಪ್ರಸಾರವೂ ಉಂಟು. ಆದರೂ ನಿಜವಾದ ಮಾತು ಹೊರಡುವುದು ನೇರಪ್ರಸಾರ ನಿಂತ ಮೇಲೆ, ಕೇಳುವವರು ಯಾರೂ ಇಲ್ಲದಾಗ. ಸುಲ್ತಾನನ ಕಾಲದಲ್ಲಿ ಮಾತನ್ನು ಜನರಿಂದ ತಪ್ಪಿಸಲು ಸೈನಿಕರು ಬೇಕಾಗಿದ್ದರು. ಈಗ ಮಾತನಾಡುವವಳೇ ಆ ಕೆಲಸವನ್ನೂ ಮಾಡುತ್ತಾಳೆ. ಯಾರ ಹೆಸರಿನಲ್ಲಿ ಕಣ್ಣೀರು ಹಾಕಿದಳೋ ಆ ಮಾಲಿನಿಯ ದನಿಯನ್ನೇ ಅವಳು ಕದ್ದಿದ್ದಾಳೆ. ಮಾಧ್ಯಮದ ಪ್ರಭಾವವನ್ನು ಕುರಿತ ನಮ್ಮ ಚರ್ಚೆಗಳಲ್ಲಿ ಈ ಮೂರನೆಯ ವ್ಯಕ್ತಿ, ಮಾತು ಕಳೆದುಕೊಂಡವರು, ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಇಲ್ಲ.

ನಾಟಕವನ್ನು ಓದಿ ಮುಗಿಸಿದ ರಾತ್ರಿ ನನಗೆ ನೆನಪಾದದ್ದು ನಮ್ಮ ಶಾಲೆಯ ಎಂಟನೆಯ ತರಗತಿಯ ಒಬ್ಬ ಹುಡುಗಿ.

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲಿನ ಸಂಗತಿ. ರಾಜ್ಯೋತ್ಸವದ ಸಮಯ. ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಗಳ ಬಗ್ಗೆ ವರದಿ ಮಾಡುತ್ತೇವೆಂದು ವಾಹಿನಿಯೊಂದರವರು ಬಂದರು. ನಾನು ಹಿಂದಿನ ದಿನವೇ ಐವರು ಜಾಣ ಮಕ್ಕಳನ್ನು ಆರಿಸಿ, ತಲಾ ಎರಡು ವಾಕ್ಯ ಬರೆದುಕೊಟ್ಟು, ಬಾಯಿಪಾಠ ಮಾಡಿಸಿದ್ದೆ. ಐವರೂ ತಪ್ಪಿಲ್ಲದೆ ಒಪ್ಪಿಸಿದರು. ವರದಿಗಾರರು ತಲೆಯಾಡಿಸಿ, ನಳದ ಬಳಿ ನೀರು ಕುಡಿಯುತ್ತಿದ್ದ ಆ ಹುಡುಗಿಯತ್ತ ಕ್ಯಾಮೆರಾ ತಿರುಗಿಸಿ ಶಾಲೆ ಹೇಗಿದೆಯೆಂದು ಕೇಳಿದರು. “ಚಲೋ ಅದರೀ. ನಾ ಏನ ಓದಾಕತ್ತೀನಿ ಅಂತ ಮನ್ಯಾಗ ಅವ್ವಗೂ ತಿಳೀತದ. ಆದ್ರ ಗಣಿತದ ಪುಸ್ತಕ ಇನ್ನಾ ಬಂದಿಲ್ಲ. ಹಿಂಗಾದ್ರ ಮರಾಠಿ ಸಾಲಿಗೆ ಹೋಗೂದ ಚಲೋ ಅನಸ್ತದ,” ಎಂದಳು. ವರದಿಯಲ್ಲಿ ಬಂದದ್ದು ಕೊನೆಯ ವಾಕ್ಯ ಮಾತ್ರ. ಕೆಳಗೆ, ಗಡಿನಾಡಿನ ಬಾಲಕಿಗೆ ಕನ್ನಡ ಶಾಲೆ ಬೇಡವಂತೆ ಎಂಬರ್ಥದ ಪಟ್ಟಿ ಓಡಿತು. ನನ್ನ ಐವರು ಜಾಣರ ಹತ್ತು ವಾಕ್ಯಗಳಲ್ಲಿ ಒಂದೂ ಇರಲಿಲ್ಲ.

ಮರುದಿನ ಊರಿನ ಚಾವಡಿಯಲ್ಲಿ ಅವಳ ತಂದೆಯನ್ನು ನಾಲ್ಕು ಜನ ಹಿರಿಯರು ನಿಲ್ಲಿಸಿ ಕೇಳಿದರು. ನಾನು ಅವಳನ್ನು ಕೋಣೆಗೆ ಕರೆಸಿ, “ನಿನ್ನನ್ನು ಯಾರು ಕೇಳಿದ್ದರು?” ಎಂದು ಗದರಿಸಿದೆ. “ಅವರ ಕೇಳಿದ್ರಲ್ಲರೀ ಸರ್,” ಎಂದಳು. ಆಮೇಲೆ ತರಗತಿಯಲ್ಲಿ ಅವಳು ತಾನಾಗಿ ಮಾತನಾಡಿದ್ದನ್ನು ನಾನು ಕಾಣೆ. ವರದಿ ಬಂದು ಹದಿನೈದು ದಿನಗಳಲ್ಲಿ ಗಣಿತದ ಪುಸ್ತಕಗಳು ಬಂದವು; ಅದನ್ನೂ ಹೇಳಬೇಕು. ಅದೇ ಪುಸ್ತಕಗಳಿಗಾಗಿ ನಾನು ಬರೆದಿದ್ದ ಮೂರು ಪತ್ರಗಳಿಗೆ ಉತ್ತರವೇ ಬಂದಿರಲಿಲ್ಲ. ಮುಂದಿನ ಜೂನ್ ತಿಂಗಳಲ್ಲಿ ನಮ್ಮ ಶಾಲೆಗೆ ಎಂಟು ಮಕ್ಕಳು ಕಡಿಮೆ ಸೇರಿದರು. ಆ ಹುಡುಗಿಯೂ ದಾಖಲೆ ತೆಗೆದುಕೊಂಡು ಮರಾಠಿ ಶಾಲೆಗೆ ಹೋದಳು. ವಾಹಿನಿಯವರ ಕತ್ತರಿಯನ್ನು ನಾನು ಎಷ್ಟೋ ಸಭೆಗಳಲ್ಲಿ ನಿಂದಿಸಿದ್ದೇನೆ, ಈಗಲೂ ನಿಂದಿಸುತ್ತೇನೆ. ಅವ್ವನ ವಿಷಯದ ಆ ವಾಕ್ಯವನ್ನು ಬಿಟ್ಟದ್ದು ಅನ್ಯಾಯ. ಆದರೆ ಆ ದಿನ ಶಾಲೆಯ ಅಂಗಳದಲ್ಲಿ ಡಂಗುರ ಹೊಡೆಸಿ, ಬಾಗಿಲಿಗೆ ಸೈನಿಕರನ್ನೂ ನಿಲ್ಲಿಸಿದ್ದವನು ನಾನು. ಇದನ್ನು ಆ ಸಭೆಗಳಲ್ಲಿ ಹೇಳಲಿಲ್ಲ.

ಮತ್ತೆ ನಾಟಕಕ್ಕೆ. ‘ಒಡಕಲು ಬಿಂಬ’ದ ಬಗ್ಗೆ ನನಗೆ ಎರಡು ಆಕ್ಷೇಪಗಳಿವೆ. ಮೊದಲನೆಯದಾಗಿ, ಕಾರ್ನಾಡರು ಪರದೆಗೆ ಅದು ಗಳಿಸದ ಪುಣ್ಯವನ್ನು ಕಟ್ಟಿಕೊಟ್ಟಿದ್ದಾರೆ. ನಾಟಕದಲ್ಲಿ ಬಿಂಬವು ಮನಸ್ಸಾಕ್ಷಿಯಾಗಿ ಮಾತನಾಡುತ್ತದೆ, ಅಡಗಿಸಿದ್ದನ್ನು ಹೊರಗೆಳೆಯುತ್ತದೆ. ನಾವು ನಿತ್ಯ ನೋಡುವ ಪರದೆಗೆ ಅಂಥ ಮನಸ್ಸಾಕ್ಷಿಯಿಲ್ಲ. ಮಂಜುಳೆಯನ್ನು ಕೂರಿಸಿದವರು, ಅವಳ ಗದ್ಗದವನ್ನು ಬಯಸಿದವರು, ಅದರಿಂದ ಲಾಭ ಪಡೆಯುವವರು ರಂಗದ ಹೊರಗೇ ಉಳಿದುಬಿಡುತ್ತಾರೆ. ‘ತುಘಲಕ್’ ಬರೆದ ಕೈ ಸುಲ್ತಾನನನ್ನು ರಂಗದ ನಡುವೆ ನಿಲ್ಲಿಸಿತ್ತು. ಇಲ್ಲಿ ಡಂಗುರದವನು ಮಾತ್ರ ಇದ್ದಾನೆ, ಸುಲ್ತಾನನಿಲ್ಲ.

ಎರಡನೆಯದು ಭಾಷೆಯ ಮಾತು. ಕನ್ನಡದ ಲೇಖಕಿ ಇಂಗ್ಲಿಷಿನಲ್ಲಿ ಬರೆಯಬಹುದೇ ಎಂಬ ಪ್ರಶ್ನೆಯನ್ನು ನಾಟಕ ಆರಂಭದಲ್ಲಿ ಬಲವಾಗಿ ಎತ್ತುತ್ತದೆ. ಕೃತಿಚೌರ್ಯ ಬಯಲಾದ ಕ್ಷಣದಲ್ಲಿ ಆ ಪ್ರಶ್ನೆ ಕರಗಿಹೋಗುತ್ತದೆ. ಕದ್ದವಳ ವಾದವೆಂದ ಮೇಲೆ ವಾದವನ್ನು ತೂಗಿ ನೋಡುವ ಶ್ರಮ ಪ್ರೇಕ್ಷಕನಿಗೆ ಉಳಿಯುವುದಿಲ್ಲ. ಇದು ನಾಟಕಕಾರರ ಜಾಣ್ಮೆ, ಆದರೆ ನ್ಯಾಯವಲ್ಲ. ಮಾಲಿನಿಗೆ ಇಂಗ್ಲಿಷೇ ಆಪ್ತ ಭಾಷೆಯಾಗಿತ್ತು. ಅವಳು ಅದರಲ್ಲಿ ಬರೆದದ್ದು ದ್ರೋಹವೇ? ಮರಾಠಿ ಶಾಲೆಗೆ ಹೋದ ನಮ್ಮ ಹುಡುಗಿ ಮುಂದೆ ಏನನ್ನಾದರೂ ಬರೆದಿದ್ದರೆ ಅದು ಮರಾಠಿಯಲ್ಲಿಯೇ ಇರಬಹುದು. ಅವಳನ್ನು ಕನ್ನಡ ಬಿಟ್ಟವಳೆಂದು ಕರೆಯುವ ಅಧಿಕಾರ ನನಗಂತೂ ಇಲ್ಲ. ಈ ಪ್ರಶ್ನೆಯನ್ನು ಕಾರ್ನಾಡರಂಥವರು ಕಡೆಯವರೆಗೆ ಬೆನ್ನಟ್ಟಬೇಕಾಗಿತ್ತು, ಏಕೆಂದರೆ ಮನೆಮಾತು ಬೇರೆಯಾಗಿದ್ದು ಕನ್ನಡವನ್ನು ಆರಿಸಿಕೊಂಡವರು ಅವರೇ.

ಇಷ್ಟೆಲ್ಲ ಕೊರತೆಗಳಿದ್ದರೂ ‘ತುಘಲಕ್’ನ ವೈಭವಕ್ಕಿಂತ ಈ ಪುಟ್ಟ ನಾಟಕವೇ ನಮ್ಮ ದಿನಗಳಿಗೆ ಹತ್ತಿರವಾದುದೆಂದು ನನ್ನ ಅಭಿಪ್ರಾಯ. ಈ ವರ್ಷದ ಸಮ್ಮೇಳನದಲ್ಲಿ ಇದನ್ನಾಡಬಹುದೆಂದು ಸಂಘದ ನಾಟಕ ಸಮಿತಿಯವರಿಗೆ ಸೂಚಿಸಿಯೂ ಇದ್ದೆ. ಒಬ್ಬಳೇ ನಟಿ ಸಾಕು, ಪರದೆ ಸೀನುಗಳ ಖರ್ಚಿಲ್ಲ ಎಂದೆ. ದೊಡ್ಡ ಟಿ.ವಿ. ಬಾಡಿಗೆಗೆ ತರುವುದು ಕಷ್ಟ, ಜನರೂ ಕೂರುವುದಿಲ್ಲ ಎಂದರು. ಎಂದಿನಂತೆ ‘ಸಂಗ್ಯಾ ಬಾಳ್ಯಾ’ ನಿಶ್ಚಯವಾಗಿದೆ. ಅದೂ ಒಳ್ಳೆಯ ಆಟವೇ. ಎರಡನೆಯ ದಿನ ರಾತ್ರಿ ಊಟದ ನಂತರ, ಎಲ್ಲರೂ ಬನ್ನಿರಿ.